ಹಸೆಗೋಡೆಯ ಚಿತ್ತಾರಗಿತ್ತಿ

ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬ ತರುಣನನ್ನು ಕಂಡು ಮನಸೋತಳು. ಎಚ್ಚರಗೊಂಡ ಮೇಲೆ ಅವನು ಯಾರೆಂಬುದೂ ತಿಳಿಯದು, ಎಲ್ಲಿಯವನೆಂಬುದೂ ತಿಳಿಯದು. ಆಗ ಅವಳ ನೆರವಿಗೆ ಬಂದವಳು ಮಂತ್ರಿ ಕುಂಭಾಂಡನ ಮಗಳಾದ ಚಿತ್ರಲೇಖೆ. ದೇವತೆಗಳು, ಗಂಧರ್ವರು, ಮನುಷ್ಯರು, ಹೀಗೆ ಒಬ್ಬೊಬ್ಬರ ರೂಪವನ್ನೂ ಆಕೆ ಬರೆದು ತೋರಿಸುತ್ತ ಹೋದಳು. ಪ್ರದ್ಯುಮ್ನನ ಚಿತ್ರ ಬಂದಾಗ ಉಷೆ ನಾಚಿದಳು. ಅನಿರುದ್ಧನ ಚಿತ್ರ ಬಂದಾಗ ತಲೆ ತಗ್ಗಿಸಿ ಮುಗುಳ್ನಕ್ಕಳು. ಭಾಗವತದ ಈ ಕಥೆಯನ್ನು ಹರಿಕಥೆಯಲ್ಲಿ, ಬಯಲಾಟದಲ್ಲಿ ನಮ್ಮವರು ಎಷ್ಟೋ ಸಲ ಕೇಳಿದ್ದಾರೆ, ನೋಡಿದ್ದಾರೆ. ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಉಷೆ ಅನಿರುದ್ಧರ ಪ್ರಣಯ. ಚಿತ್ರ ಬರೆದವಳನ್ನು ನೆನೆಯುವವರು ಕಡಿಮೆ. ಅವಳು ಬರೆದುದಾದರೂ ತನ್ನ ಕನಸನ್ನಲ್ಲ, ಗೆಳತಿಯ ಕನಸನ್ನು. ನಮ್ಮ ನಾಡಿನ ಹೆಣ್ಣು ಚಿತ್ರ ಬರೆದ ಬಗೆಗೆ ಇದಕ್ಕಿಂತ ಒಪ್ಪುವ ಕಥೆಯನ್ನು ಹುಡುಕುವುದು ಕಷ್ಟ.

ಪುರಾಣದಿಂದ ಇತಿಹಾಸಕ್ಕೆ ಇಳಿದರೆ ಚಿತ್ರಲೇಖೆಯರ ಹೆಸರು ಸಿಗುವುದೇ ದುರ್ಲಭ. ಬೀದರದ ಮಾತನ್ನೇ ತೆಗೆದುಕೊಳ್ಳೋಣ. ನಗರದ ಮೂಡಲಿಗೆ ಅಷ್ಟೂರಿನ ಗುಂಬಜುಗಳಿವೆ. ಅವುಗಳಲ್ಲಿ ೧೪೩೬ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಯ ಒಳಗೋಡೆಗಳನ್ನು ನೋಡಿದವರು ಆ ಕೆಂಪು, ಆ ಹೊನ್ನಿನ ಬಣ್ಣ, ಆ ಹೂಬಳ್ಳಿಗಳ ಸೊಬಗನ್ನು ಮರೆಯಲಾರರು. ಗೋಡೆಯ ಮೇಲೆ ಚಿತ್ರಕಾರನ ಹೆಸರೂ ಉಳಿದಿದೆ: ಕಜ್ವೀನದ ಶುಕ್ರುಲ್ಲಾ. ಪರ್ಷಿಯಾದ ದೂರದ ಊರಿನಿಂದ ಬಂದವನ ಹೆಸರು ಐದು ನೂರೈವತ್ತು ವರುಷಗಳಿಗೂ ಮೇಲೆ ಬಾಳಿತು. ಬಿದರಿ ಕೆಲಸದ ಕುಶಲಿಗಳಿಗೂ ಹೆಸರಿನ ಭಾಗ್ಯವುಂಟು. ೨೦೨೩ರಲ್ಲಿ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದುದನ್ನು ಬೀದರದವರೆಲ್ಲ ಸಂತೋಷದಿಂದ ಕೇಳಿದರು. ಇದೇ ಬೀದರದ ಮಗ್ಗುಲಿನ ಕೊಳಾರದಲ್ಲಿ, ಕೈಗಾರಿಕೆಯ ಶೆಡ್ಡುಗಳ ಆಚೆ ಊರೊಳಗಿನ ಅಂಗಳಗಳಲ್ಲಿ, ಭಾಲ್ಕಿ ಔರಾದಗಳ ಹಳ್ಳಿಗಳಲ್ಲಿ, ಬೆಳಗಾದರೆ ಹೆಂಗಸರು ಹೊಸ್ತಿಲ ಮುಂದೆ ರಂಗೋಲಿ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ತುಳಿದು ಹೋಗಿರುತ್ತದೆ. ಅದನ್ನು ಯಾರು ಬರೆದರೆಂದು ಕೇಳುವ ರೂಢಿಯೇ ಇಲ್ಲ.

ಹಾಗೆಂದ ಮಾತ್ರಕ್ಕೆ ಶಾಸ್ತ್ರಕಾರರು ಈ ಕಲೆಯನ್ನು ಕಂಡೇ ಇರಲಿಲ್ಲವೆಂದು ತಿಳಿಯಬಾರದು. ಬೀದರ ಜಿಲ್ಲೆಯೊಳಗಿನ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದಿತಷ್ಟೆ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಅದಕ್ಕೆ ಹೆಸರುಂಟು. ಅರಸನಾದವನು ತಿಳಿದಿರಬೇಕಾದ ಸಮಸ್ತವೂ ಅದರಲ್ಲಿದೆ: ಆನೆ, ಕುದುರೆ, ರತ್ನ, ಅಡಿಗೆ, ಆಟ, ಸಂಗೀತ. ಅವುಗಳ ನಡುವೆ ಚಿತ್ರಕಲೆಗೂ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಬಗೆ, ಗೋಡೆಯನ್ನು ನುಣುಪುಗೊಳಿಸುವ ಕ್ರಮ, ಕುಂಚಕ್ಕೆ ಕರುವಿನ ಕಿವಿಯ ಕೂದಲು, ಎಲ್ಲವನ್ನೂ ವಿವರಿಸುತ್ತಾನೆ. ಮೊದಲ ಗೆರೆ ಎಳೆಯುವುದಕ್ಕೆ ಅವನು ಹೇಳುವ ಬತ್ತಿ ಯಾವುದು ಬಲ್ಲಿರಾ? ದೀಪದ ಕಾಡಿಗೆಗೆ ಅನ್ನದ ಅಗುಳನ್ನು ಬೆರೆಸಿ ಅರೆದು ಹೊಸೆದ ಬತ್ತಿ. ಈ ಅನ್ನದ ಅಗುಳನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ.

ಸೋಮೇಶ್ವರನು ಚಿತ್ರಗಳಲ್ಲಿ ಬಗೆಗಳನ್ನು ಎಣಿಸುತ್ತಾನೆ. ಕನ್ನಡಿಯಲ್ಲಿ ಕಂಡಂತೆ ಇದ್ದುದನ್ನು ಇದ್ದ ಹಾಗೆ ಬರೆದರೆ ಅದು ವಿದ್ಧಚಿತ್ರ. ಮನಸ್ಸಿಗೆ ಬಂದಂತೆ ಬರೆದರೆ ಅವಿದ್ಧ. ನೋಡಿದೊಡನೆ ಶೃಂಗಾರಾದಿ ರಸಗಳು ಮನಸ್ಸಿಗೆ ಹತ್ತುವಂತಿದ್ದರೆ ಅದು ಭಾವಚಿತ್ರ. ನೀರುಗೂಡಿದ ಬಣ್ಣದಲ್ಲಿ ಬರೆದುದು ರಸಚಿತ್ರ. ಪುಡಿ ಬಣ್ಣದಲ್ಲಿ ಬರೆದುದು ಧೂಳಿಚಿತ್ರ. ಈ ಕೊನೆಯದು ನಮ್ಮ ಹೊಸ್ತಿಲಿನ ರಂಗೋಲಿಯ ಜಾತಿಗೇ ಸೇರಿದ್ದು. ಚಕ್ರವರ್ತಿಯೊಬ್ಬನು ಅರಮನೆಯ ಚಿತ್ರಶಾಲೆಯ ಮಾತನ್ನಾಡುವಾಗ ಅಂಗಳದ ಪುಡಿಯನ್ನು ಮರೆಯಲಿಲ್ಲವೆಂಬುದು ಮೆಚ್ಚಬೇಕಾದ ಸಂಗತಿ. ಆದರೆ ಬೆಳಗಿನ ಜಾವ ಎದ್ದು ಆ ಪುಡಿಯನ್ನು ಬೆರಳಿನಿಂದ ಬಿಡುವವಳ ಸುದ್ದಿಯನ್ನು ಅವನೂ ಎತ್ತಲಿಲ್ಲ.

ಈ ಹಿನ್ನೆಲೆಯಲ್ಲಿ ಮಲೆನಾಡಿನ ಚಿತ್ತಾರಗಿತ್ತಿಯ ಮಾತು ಬಹು ಮುಖ್ಯವಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ, ಶಿಕಾರಿಪುರ ತಾಲೂಕುಗಳಲ್ಲಿ, ಉತ್ತರ ಕನ್ನಡದ ಸಿದ್ಧಾಪುರ, ಶಿರಸಿಗಳ ಕಡೆಯಲ್ಲಿ ದೀವರೆಂಬ ಬೇಸಾಯಗಾರ ಸಮುದಾಯವಿದೆ. ಅವರ ಮನೆಗಳಲ್ಲಿ ಮದುವೆ ನಿಶ್ಚಯವಾದರೆ ಗೋಡೆಗೆ ಚಿತ್ತಾರ ಬರೆಯಬೇಕು. ವಧೂವರರು ಕುಳಿತುಕೊಳ್ಳುವ ಜಾಗ ಹಸೆ. ಅದರ ಹಿಂದಿನ ಗೋಡೆ ಹಸೆಗೋಡೆ. ಅದರ ಮೇಲೆ ಬರೆದುದು ಹಸೆ ಚಿತ್ತಾರ. ಇದನ್ನು ಬರೆಯುವವರು ಹೆಂಗಸರು. ತಾಯಿಯಿಂದ, ಅಜ್ಜಿಯಿಂದ, ಅತ್ತೆಯಿಂದ ನೋಡಿ ಕಲಿಯಬೇಕು, ಬೇರೆ ಶಾಲೆಯಿಲ್ಲ. ಎಲ್ಲರಿಗೂ ಒಂದಿಷ್ಟು ಬರುತ್ತದೆಯಾದರೂ ಕೈ ತೀಡಿದವಳನ್ನು ಊರವರು ಚಿತ್ತಾರಗಿತ್ತಿ ಎಂದು ಕರೆದು, ಮದುವೆಯ ಮನೆಗೆ ಬರಮಾಡಿಕೊಳ್ಳುತ್ತಾರೆ. ಗಮನಿಸಿ: ಇದು ಹೆಸರಲ್ಲ, ಬಿರುದು. ಊರೊಳಗೆ ಅವಳ ಹೆಸರು ಎಲ್ಲರಿಗೂ ಗೊತ್ತು; ಇಂಥವಳ ಎಳೆ ನೇರ, ಇಂಥವಳ ತೇರು ಚೆಂದ ಎಂದು ಗೋಡೆ ನೋಡಿಯೇ ಹೇಳಬಲ್ಲ ಹಿರಿಯರಿದ್ದರು. ಊರಿನ ಗಡಿ ದಾಟಿದರೆ ಹೆಸರಿಲ್ಲ.

ಮಣ್ಣಿನ ಗೋಡೆಯನ್ನು ಮೊದಲು ಕೆಮ್ಮಣ್ಣಿನಿಂದ ಸಾರಿಸುತ್ತಾರೆ. ಅದು ಚೆನ್ನಾಗಿ ಆರಿದ ಮೇಲೆ ಗೆರೆಯ ಕೆಲಸ. ಬಿಳುಪಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದು ಅರೆದ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆ ಕಾಯಿ. ನಾಲ್ಕೇ ಬಣ್ಣ, ಅದರಲ್ಲಿ ಎರಡು ಬಣ್ಣ ಒಂದೇ ಧಾನ್ಯದಿಂದ ಹುಟ್ಟಿದವು. ಕಲ್ಯಾಣದ ಅರಸನು ಹೇಳಿದ ಅನ್ನದ ಅಗುಳಿನ ಬತ್ತಿ ಇಲ್ಲಿ ನೆನಪಾಗದೆ ಇರದು. ಒಂದರಿಂದ ಇನ್ನೊಂದು ಬಂದಿತೆಂದು ಸಾಧಿಸುವ ಹಟ ನನಗಿಲ್ಲ. ಅಕ್ಕಿಯನ್ನು ದಿನವೂ ಕೈಯಲ್ಲಿ ಹಿಡಿಯುವ ನಾಡಿನಲ್ಲಿ ಅದು ಬಣ್ಣವೂ ಆಗುವುದು ಸಹಜವೇ.

ಕುಂಚದ ಮಾತು ಕೇಳಿದರೆ ಬೀದರದ ಓದುಗರಿಗೆ ನಗು ಬರಬಹುದು. ಅದು ಪುಂಡಿಯ ನಾರು. ನಮ್ಮ ಕಡೆ ಪುಂಡಿ ಎಂದೊಡನೆ ಬಾಯಲ್ಲಿ ಹುಳಿ ನೀರೂರುತ್ತದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೊಂದಿಷ್ಟು ಎಣ್ಣೆ. ನಮ್ಮವರು ಎಲೆಯನ್ನು ಉಣ್ಣುತ್ತಾರೆ, ಕಾಂಡದ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಮಲೆನಾಡಿನ ಚಿತ್ತಾರಗಿತ್ತಿ ಅದೇ ಹೆಸರಿನ ಗಿಡದ ನಾರಿನ ತುದಿಯನ್ನು ಹದವಾಗಿ ಬಿಡಿಸಿಕೊಂಡು, ಕೂದಲೆಳೆಯಷ್ಟು ತೆಳ್ಳಗಿನ ಗೆರೆಯನ್ನು ಮಾರುದ್ದ ಎಳೆಯುತ್ತಾಳೆ. ಕೆಂಪು ನೆಲವೂ ನಮಗೆ ಹೊಸದಲ್ಲ. ಬೀದರದ ಪ್ರಸ್ಥಭೂಮಿ ಜಂಬಿಟ್ಟಿಗೆಯದು. ಕೋಟೆಯ ಕಂದಕವನ್ನೇ ಆ ಕೆಂಪು ಕಲ್ಲಿನಲ್ಲಿ ಕಡಿದಿದ್ದಾರೆ. ಭಾಲ್ಕಿ ಔರಾದಗಳ ಕಡೆಗೆ ಇಳಿದರೆ ಮಾತ್ರ ಎರೆಭೂಮಿ. ಮಲೆನಾಡಿನ ಕೆಮ್ಮಣ್ಣೂ ಈ ಜಂಬಿಟ್ಟಿಗೆಯ ಬಂಧುವೇ. ಕರ್ನಾಟಕದ ಎರಡು ತುದಿಗಳಲ್ಲಿರುವ ಈ ಎರಡು ಸೀಮೆಗಳಿಗೆ ಮಳೆಯಲ್ಲಿ, ಬೆಳೆಯಲ್ಲಿ, ಮಾತಿನಲ್ಲಿ ಎಷ್ಟು ಅಂತರವೋ ಮಣ್ಣಿನ ಬಣ್ಣದಲ್ಲಿ ಅಷ್ಟೇ ಸಾಮೀಪ್ಯ.

ಈಗ ಚಿತ್ತಾರದೊಳಗೆ ಏನಿದೆಯೆಂದು ನೋಡೋಣ. ಸುತ್ತಲೂ ಎಳೆಗಳ ಚೌಕಟ್ಟು, ಒಂದರೊಳಗೊಂದು. ಅದರ ಒಳಗೆ ಚೌಕುಳಿಗಳು, ಜಡೆ ಹೆಣೆದಂತಹ ಹೆಣಿಗೆಗಳು, ಮಲ್ಲಿಗೆ ಮೊಗ್ಗಿನ ಸಾಲು, ಬಾಸಿಂಗ, ಭತ್ತದ ಸಸಿ, ಭತ್ತದ ತೆನೆ, ಹಕ್ಕಿಗಳು. ನಡುವೆ ಮದುಮಕ್ಕಳು: ತ್ರಿಕೋನಗಳನ್ನು ಜೋಡಿಸಿ ಕೈಕಾಲಿಗೆ ಕಡ್ಡಿಗಳನ್ನು ಸೇರಿಸಿದಂತಹ ಎರಡು ಆಕೃತಿ. ಕೆಲವು ಗೋಡೆಗಳಲ್ಲಿ ತೇರು. ಇಕ್ಕೇರಿ, ಕೆಳದಿ, ಶಿರಸಿಯ ಮಾರಿಕಾಂಬೆ, ಹೀಗೆ ಗುಡಿ ಜಾತ್ರೆಗಳ ಸೀಮೆಯಲ್ಲಿ ತೇರಿನ ನೆನಪು ಗೋಡೆಗೆ ಬರುವುದು ಆಶ್ಚರ್ಯವಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿಯೂ ಗವಂತಿ, ಮುರ್ಗಿ ಹೊಲಿಗೆಗಳಿಂದ ಇಂತಹುದೇ ತೇರನ್ನು ಇಳಕಲ್ ಸೀರೆಯ ಸೆರಗಿನ ಮೇಲೆ ತೆಗೆಯುತ್ತಾರೆ. ಒಂದು ಕಡೆ ಸೂಜಿ, ಒಂದು ಕಡೆ ನಾರು. ಎರಡರಲ್ಲಿಯೂ ಅಂಕೆ ತಪ್ಪದ ನೇರ ಗೆರೆ. ಎಣಿಕೆಯ ಮೇಲೆ ನಿಂತ ಕಲೆ ಇದು. ಒಂದು ಎಳೆ ಹೆಚ್ಚಾದರೆ ಮೂಲೆಯಲ್ಲಿ ಹೆಣಿಗೆ ಕೂಡುವುದಿಲ್ಲ. ಲೆಕ್ಕ ಬಾರದವರೆಂದು ನಾವು ಯಾರನ್ನು ತಿಳಿದಿದ್ದೆವೋ ಅವರೇ ಇಷ್ಟು ದೊಡ್ಡ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಬರೆಯುತ್ತಿದ್ದರು.

ಆದರೆ ಈ ಮದುಮಕ್ಕಳಿಗೆ ಮುಖವಿಲ್ಲ. ಮುಖವಿದ್ದರೂ ಅದರಲ್ಲಿ ನಗೆಯಿಲ್ಲ, ಅಳುವಿಲ್ಲ. ಸೋಮೇಶ್ವರನ ಲೆಕ್ಕದಲ್ಲಿ ಇದು ಭಾವಚಿತ್ರವೆನಿಸಲಾರದು. ಮದುವೆಯ ಮನೆಯಲ್ಲಿ ಹುಡುಗಿಯೊಬ್ಬಳು ಒಂದು ಮನೆಯನ್ನು ಬಿಟ್ಟು ಇನ್ನೊಂದು ಮನೆಗೆ ಹೋಗುವ ಹೊತ್ತಿನಲ್ಲಿ ಭಾವಕ್ಕೇನು ಬರವೇ? ಹಾಗಿದ್ದರೆ ಅದು ಎಲ್ಲಿ ಹೋಯಿತು? ನನಗೆ ತೋರುವ ಮಟ್ಟಿಗೆ ಅದು ಹಾಡಿಗೆ ಹೋಯಿತು. ಚಿತ್ತಾರ ಬರೆಯುವಾಗ ಹೆಂಗಸರು ಹಾಡುತ್ತಾರೆ; ಕೈ ಗೆರೆಯನ್ನು ಎಳೆಯುತ್ತಿದ್ದರೆ ಬಾಯಿ ಸೋಬಾನೆಯನ್ನು ಎಳೆಯುತ್ತಿರುತ್ತದೆ. ತವರು, ಅಣ್ಣ, ಅತ್ತೆಮನೆಯ ಹೆದರಿಕೆ, ಹಂಬಲ, ಎಲ್ಲವನ್ನೂ ಹಾಡು ಹೊತ್ತುಕೊಂಡಿತು. ಗೋಡೆಗೆ ಉಳಿದುದು ಶಿಸ್ತು. ಹಾಡನ್ನು ಬಿಟ್ಟು ಗೋಡೆಯನ್ನು ಮಾತ್ರ ನೋಡಿದವರು ಇದನ್ನು ಅಲಂಕಾರವೆಂದು ಕರೆದು ಸುಮ್ಮನಾಗುತ್ತಾರೆ. ಛಾಯಾಚಿತ್ರದಲ್ಲಿ ಹಸೆಗೋಡೆಯನ್ನು ನೋಡಿದಾಗ ಅರ್ಧವೇ ಕಂಡಂತೆ. ಬಾನುಲಿಗೆ ಕಣ್ಣಿಲ್ಲವೆಂದು ಹೇಳುವುದುಂಟು. ಈ ಒಂದು ಚಿತ್ರಕಲೆಯ ಮಟ್ಟಿಗೆ ಕಿವಿಯುಳ್ಳವನೇ ಹೆಚ್ಚು ಭಾಗ್ಯಶಾಲಿ.

ಪ್ರಕೃತಿಯ ವಿಷಯಕ್ಕೆ ಬಂದರೆ ಚಿತ್ತಾರಗಿತ್ತಿಯ ಮನಸ್ಸು ಇನ್ನೂ ಸ್ಪಷ್ಟವಾಗಿ ತಿಳಿಯುವುದು ಭೂಮಿ ಹುಣ್ಣಿಮೆಯಲ್ಲಿ. ಆಶ್ವೀಜ ಮಾಸದ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಭತ್ತ ಗರ್ಭ ಕಟ್ಟಿರುತ್ತದೆ. ಆಗ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸಬೇಕಷ್ಟೆ. ಅದಕ್ಕಾಗಿ ಬಿದಿರಿನ ಬುಟ್ಟಿಯನ್ನು ಸೆಗಣಿಯಿಂದ ಮೆತ್ತಿ, ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನಿಂದ ಚಿತ್ತಾರ ಬರೆದು ಸಿದ್ಧಪಡಿಸುತ್ತಾರೆ. ಭೂಮಣ್ಣಿ ಬುಟ್ಟಿ ಎಂಬುದು ಅದರ ಹೆಸರು. ಬಗೆಬಗೆಯ ಸೊಪ್ಪುಗಳನ್ನು ಬೇಯಿಸಿದ ಅಡಿಗೆಯನ್ನು, ಕಡುಬನ್ನು ಅದರಲ್ಲಿಟ್ಟುಕೊಂಡು ನಸುಕಿನಲ್ಲಿಯೇ ಗದ್ದೆಗೆ ಹೋಗಿ, ಬೆಳೆಯ ನಡುವೆ ಬೀರಿ, ಪೂಜೆ ಮಾಡಿ ಅಲ್ಲಿಯೇ ಉಣ್ಣುತ್ತಾರೆ. ಬುಟ್ಟಿಯ ಮೇಲಿನ ಭತ್ತದ ತೆನೆಯೂ ಗದ್ದೆಯ ಭತ್ತದ ತೆನೆಯೂ ಆಗ ಮುಖಾಮುಖಿಯಾಗಿರುತ್ತವೆ.

ನಮ್ಮ ಕಡೆಯ ಎಳ್ಳ ಅಮಾಸೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಬರುವುದು ಎರಡು ತಿಂಗಳ ಮೇಲೆ, ಹಿಂಗಾರಿ ಜೋಳ ಎದೆಯೆತ್ತರಕ್ಕೆ ನಿಂತಾಗ. ಭಜ್ಜಿ, ಕಡುಬು, ಹೋಳಿಗೆ, ಅಂಬಲಿ ಬುಟ್ಟಿಯಲ್ಲಿ ತುಂಬಿಕೊಂಡು ಎಲ್ಲರೂ ಹೊಲಕ್ಕೆ ಹೋಗುವುದು, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸುವುದು, ಬೆಳೆಯ ಸುತ್ತ ಚರಗ ಚೆಲ್ಲುವುದು. ಬೆಳೆ ಬೇರೆ, ತಿಂಗಳು ಬೇರೆ, ದೇವರು ಬೇರೆ. ನೆಲವನ್ನು ಬಸುರಿಯೆಂದು ಬಗೆದು ಉಣಿಸುವ ಮನಸ್ಸು ಒಂದೇ. ಮಲೆನಾಡಿನವಳು ಬುಟ್ಟಿಯ ಮೇಲೆ ಬರೆದಳು. ನಮ್ಮವಳು ಬರೆಯಲಿಲ್ಲ, ಅವಳ ಕೈಚಳಕ ಕೌದಿಗೆ ಹೋಯಿತು, ಹೊಸ್ತಿಲಿಗೆ ಹೋಯಿತು. ಚಿತ್ರಕಾರನು ನಿಸರ್ಗವನ್ನು ದೂರ ನಿಂತು ನೋಡಿ ಬರೆಯುತ್ತಾನೆಂಬುದು ನಗರದ ಕಲ್ಪನೆ. ಸಸಿ ನೆಟ್ಟು ಸೊಂಟ ನೋಯಿಸಿಕೊಂಡವಳು ಸಂಜೆ ಗೋಡೆಯ ಮೇಲೆ ಸಸಿಯನ್ನು ಬರೆದರೆ ಅದು ನಿಸರ್ಗದ ವರ್ಣನೆಯಾಗುವುದಿಲ್ಲ. ತಾನು ಮಾಡಿದ ಕೆಲಸದ ದಾಖಲೆಯಾಗುತ್ತದೆ.

ಇಲ್ಲಿ ಒಂದು ಕಹಿಯಾದ ಇತಿಹಾಸವನ್ನು ಹೇಳಲೇಬೇಕು. ಗೋಡೆಯ ಮೇಲೆ ಆ ಭತ್ತವನ್ನು ಬರೆದವರಲ್ಲಿ ಬಹು ಮಂದಿಗೆ ಗದ್ದೆಯ ಭತ್ತ ತಮ್ಮದಾಗಿರಲಿಲ್ಲ. ಅವರು ಗೇಣಿದಾರರು. ಬೆಳೆ ಬಂದಾಗ ಒಡೆಯರಿಗೆ ಗೇಣಿಯನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಆ ಕೊಳಗ ನಿಯಮಿತ ಅಳತೆಗಿಂತ ದೊಡ್ಡದಾಗಿದ್ದಿತು. ಸಾಗರ ತಾಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಇದೇ ಅಳತೆಯ ಮೇಲೆ ವಿವಾದ ಹುಟ್ಟಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಗೆಳೆಯರೂ ಜತೆಗೂಡಿದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದರು. ಸತ್ಯಾಗ್ರಹಕ್ಕೆ ಇಳಿದವರಲ್ಲಿ ಹೆಚ್ಚಿನವರು ದೀವರು. ಉಳುವವನೇ ಹೊಲದೊಡೆಯನಾಗುವುದಕ್ಕೆ ೧೯೭೪ರ ಭೂಸುಧಾರಣೆಯ ಕಾನೂನಿನವರೆಗೆ ಕಾಯಬೇಕಾಯಿತು. ಕಾಗೋಡಿನ ಕಥೆಯನ್ನು ಬರೆದ ಪುಸ್ತಕಗಳಲ್ಲಿ ಕೊಳಗದ ವಿವರವಿದೆ, ಸಭೆಗಳ ವಿವರವಿದೆ. ಗೇಣಿ ಅಳೆದು ಉಳಿದ ಅಕ್ಕಿಯಲ್ಲಿ ಒಂದು ಹಿಡಿಯನ್ನು ಬಾಯಿಗೆ ಹಾಕಿಕೊಳ್ಳದೆ ನೆನೆಸಿ ಅರೆದು ಗೋಡೆಗೆ ತೆನೆ ಬರೆದ ಹೆಂಗಸಿನ ಸುದ್ದಿಯನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಬೇಕೆಂದು ನನ್ನ ಅಭಿಪ್ರಾಯ. ಗದ್ದೆಯ ತೆನೆ ಒಡೆಯನದಾಗಿದ್ದ ಕಾಲದಲ್ಲಿ ಗೋಡೆಯ ತೆನೆ ಅವಳದಾಗಿದ್ದಿತು.

ಅದೇ ಸೀಮೆಗೆ ಇನ್ನೊಂದು ಹೊಡೆತ ನೀರಿನಿಂದ ಬಂದಿತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಪೂರ್ಣಗೊಂಡಾಗ ಹಿನ್ನೀರಿನಲ್ಲಿ ಹಳ್ಳಿ ಹಳ್ಳಿಗಳೇ ಮುಳುಗಿದವು. ರಾಜ್ಯದ ಎಷ್ಟೋ ಊರುಗಳಲ್ಲಿ ದೀಪ ಹೊತ್ತಿದುದೂ, ಎಷ್ಟೋ ಮನೆಗಳ ರೇಡಿಯೋ ಹಾಡಿದುದೂ ಆ ನೀರಿನ ವಿದ್ಯುತ್ತಿನಿಂದ. ಮುಳುಗಿದ ಮನೆಗಳ ಗೋಡೆಗಳು ಮಣ್ಣಿನವು. ನೀರು ತಾಗಿದೊಡನೆ ಅಕ್ಕಿಯ ಗೆರೆ ಮೊದಲು ಹೋಗುತ್ತದೆ, ಆಮೇಲೆ ಕೆಮ್ಮಣ್ಣು, ಆಮೇಲೆ ಗೋಡೆ. ಊರು ಬಿಟ್ಟವರು ಪಾತ್ರೆ ಪಡಗ, ದನಕರು, ಬಾಗಿಲ ಚೌಕಟ್ಟುಗಳನ್ನು ಸಹ ಹೊತ್ತೊಯ್ಯಬಹುದು. ಹಸೆಗೋಡೆಯನ್ನು ಹೊತ್ತೊಯ್ಯಲಾಗುವುದಿಲ್ಲ. ಕೈ ಮಾತ್ರ ಜತೆಗೆ ಹೋಗುತ್ತದೆ.

ಗೋಡೆಯನ್ನು ಬಿಟ್ಟು ಬಟ್ಟೆಯ ಮೇಲೆ, ಕ್ಯಾನ್ವಾಸಿನ ಮೇಲೆ ಬರೆದು ಮೂಲೆಯಲ್ಲಿ ತನ್ನ ಹೆಸರು ಹಾಕಿದ ಹೆಣ್ಣಿನ ಕಥೆ ಬೇರೆಯೇ. ಅದರ ದೊಡ್ಡ ಉದಾಹರಣೆ ಅಮೃತಾ ಶೇರ್‌ಗಿಲ್. ತಂದೆ ಪಂಜಾಬಿನ ಸಿಖ್ ಮನೆತನದ ಉಮ್ರಾವ್ ಸಿಂಗ್. ತಾಯಿ ಹಂಗೇರಿಯ ಗಾಯಕಿ. ೧೯೧೩ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ೧೯೨೯ರಿಂದ ಪ್ಯಾರಿಸ್ಸಿನಲ್ಲಿ ಕಲಿತು, ೧೯೩೪ರ ಕೊನೆಗೆ ಭಾರತಕ್ಕೆ ಮರಳಿದವರು ಅವರು. ನಮಗೆ ಇಲ್ಲಿ ಬೇಕಾದುದು ೧೯೩೬ರ ಕೊನೆ ೧೯೩೭ರ ಮೊದಲ ತಿಂಗಳುಗಳಲ್ಲಿ ಅವರು ಕೈಗೊಂಡ ದಕ್ಷಿಣದ ಯಾತ್ರೆ. ಅಜಂತ ಎಲ್ಲೋರಗಳನ್ನು ನೋಡಿ, ಹೈದರಾಬಾದಿನಲ್ಲಿ ತಮ್ಮ ಚಿತ್ರಗಳನ್ನು ಪ್ರದರ್ಶಿಸಿ, ತಿರುವಾಂಕೂರು ಕೊಚ್ಚಿಗಳವರೆಗೆ ಹೋದರು. ಆಗ ಅಜಂತವೂ ಬೀದರವೂ ಒಂದೇ ನಿಜಾಮ ಸಂಸ್ಥಾನದಲ್ಲಿದ್ದವು. ಅಜಂತದ ಗೋಡೆಚಿತ್ರಗಳನ್ನು ಉಳಿಸಿದ ಪ್ರಾಚ್ಯ ಇಲಾಖೆಯ ನಿರ್ದೇಶಕ ಗುಲಾಮ್ ಯಜ್ದಾನಿಯವರೇ ಬೀದರದ ಸ್ಮಾರಕಗಳನ್ನು ಅಳೆದು ನೋಡಿ ೧೯೪೭ರಲ್ಲಿ ಹಿರಿಯ ಗ್ರಂಥವೊಂದನ್ನು ಹೊರತಂದವರು.

ಯಾತ್ರೆಯಿಂದ ಮರಳಿದ ಮೇಲೆ ೧೯೩೭ರಲ್ಲಿ ಅಮೃತಾ ಅವರು ಬರೆದ ಮೂರು ಚಿತ್ರಗಳಲ್ಲಿ ಒಂದು ವಧುವಿನ ಸಿಂಗಾರ. ನಡುವೆ ಮದುವಣಗಿತ್ತಿ, ಸುತ್ತ ಅವಳನ್ನು ಅಣಿಗೊಳಿಸುವ ಹೆಂಗಸರು, ಮಕ್ಕಳು. ಮದುವೆಯ ಸಡಗರ ಎಲ್ಲಿಯೂ ಇಲ್ಲ. ಎಲ್ಲರ ಕಣ್ಣಿನಲ್ಲಿ ಒಂದು ಬಗೆಯ ಮೌನ. ಹಸೆಗೋಡೆಯಲ್ಲಿ ಮುಖವಿಲ್ಲದೆ ಹಾಡಿಗೆ ಹೋದ ಭಾವ ಇಲ್ಲಿ ಹಾಡಿಲ್ಲದೆ ಮುಖಕ್ಕೆ ಬಂದು ನಿಂತಿದೆ. ಸೋಮೇಶ್ವರನು ಈ ಚಿತ್ರವನ್ನು ನೋಡಿದ್ದರೆ ಭಾವಚಿತ್ರವೆಂದು ಒಪ್ಪುತ್ತಿದ್ದನೇ, ಅಥವಾ ಶೃಂಗಾರವೆಲ್ಲಿ ಎಂದು ಕೇಳುತ್ತಿದ್ದನೇ? ೧೯೪೧ರ ಡಿಸೆಂಬರಿನಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅಮೃತಾ ಲಾಹೋರಿನಲ್ಲಿ ತೀರಿಕೊಂಡರು. ೧೯೫೪ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯ ತೆರೆದಾಗ ಅವರ ಚಿತ್ರಗಳೇ ಅದರ ಮುಖ್ಯ ಆಸ್ತಿಯಾಗಿದ್ದವು. ೧೯೩೭ರ ಅವರದೊಂದು ಚಿತ್ರ ೨೦೨೩ರ ಹರಾಜಿನಲ್ಲಿ ೬೧ ಕೋಟಿ ರೂಪಾಯಿಗೂ ಮೇಲೆ ಹೋಯಿತು. ಅದೇ ೧೯೩೭ರಲ್ಲಿ ಸಾಗರ ಸೊರಬಗಳ ಹಳ್ಳಿಗಳಲ್ಲಿ ಎಷ್ಟು ಹಸೆಗೋಡೆಗಳು ಎದ್ದು ಅಳಿದವೋ! ಇಬ್ಬರ ಕಲೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ಹೇಳುವವನು ನಾನಲ್ಲ. ಅಮೃತಾ ಅವರ ಏಕಾಕಿತನ ಚಿತ್ತಾರಗಿತ್ತಿಗೆ ಇರಲಿಲ್ಲ; ಚಿತ್ತಾರಗಿತ್ತಿಗೆ ಇದ್ದ ನೆರೆಹೊರೆ ಅಮೃತಾ ಅವರಿಗೆ ಸಿಗಲಿಲ್ಲ.

ಗೋಡೆಯ ಕಲೆಗೆ ಹೆಸರು ಬಂದ ಪ್ರಸಂಗವೂ ಒಂದುಂಟು. ಅದು ಬಿಹಾರದ ಮಿಥಿಲೆಯದು. ಅಲ್ಲಿಯೂ ಮದುವೆಯ ಕೋಣೆಯ ಗೋಡೆಗೆ ಹೆಂಗಸರು ಚಿತ್ರ ಬರೆಯುವ ಪದ್ಧತಿ. ಆ ಕೋಣೆಗೆ ಕೋಹಬರ ಎನ್ನುತ್ತಾರೆ. ೧೯೩೪ರ ಭೂಕಂಪದಲ್ಲಿ ಮನೆಗಳು ಬಿರಿದಾಗ ಆರ್ಚರ್ ಎಂಬ ಇಂಗ್ಲಿಷ್ ಅಧಿಕಾರಿಯ ಕಣ್ಣಿಗೆ ಒಳಗೋಡೆಗ

ಳ ಚಿತ್ರಗಳು ಬಿದ್ದವು. ೧೯೬೬-೬೭ರ ಬರಗಾಲದಲ್ಲಿ ಹೆಂಗಸರಿಗೆ ನಾಲ್ಕು ಕಾಸು ಹುಟ್ಟಲೆಂದು ಕಾಗದ ಕೊಟ್ಟು ಬರೆಸಿದರು. ಗೋಡೆಯಿಂದ ಕಾಗದಕ್ಕೆ ಬಂದೊಡನೆ ಮೂಲೆಯಲ್ಲಿ ಹೆಸರು ಕಾಣಿಸಿಕೊಂಡಿತು. ಜಗದಂಬಾ ದೇವಿಯವರಿಗೆ ೧೯೭೫ರಲ್ಲಿ, ಸೀತಾ ದೇವಿಯವರಿಗೆ ೧೯೮೧ರಲ್ಲಿ, ಗಂಗಾ ದೇವಿಯವರಿಗೆ ೧೯೮೪ರಲ್ಲಿ ಪದ್ಮಶ್ರೀ ಬಂದಿತು. ಗಂಗಾ ದೇವಿಯವರು ತಮಗೆ ಅರ್ಬುದ ರೋಗ ಹಿಡಿದಾಗ ಆಸ್ಪತ್ರೆಯ ಹಾಸಿಗೆ, ಔಷಧ, ದಾದಿಯರನ್ನು ಸಹ ಅದೇ ಮದುವೆಗೋಡೆಯ ಗೆರೆಗಳಲ್ಲಿ ಬರೆದರು. ಹೆಣ್ಣು ತನ್ನ ಸ್ವಂತ ನೋವನ್ನು ಪರಂಪರೆಯ ಗೆರೆಯಲ್ಲಿ ಹೇಳಿಕೊಂಡ ಇಂತಹ ಇನ್ನೊಂದು ನಿದರ್ಶನ ಅಪೂರ್ವ. ದಿಲ್ಲಿಯ ಕರಕುಶಲ ಸಂಗ್ರಹಾಲಯದಲ್ಲಿ ಅವರು ಒಂದು ಇಡೀ ಕೋಹಬರ ಕೋಣೆಯನ್ನೇ ಬರೆದುಕೊಟ್ಟಿದ್ದರು. ೧೯೯೧ರಲ್ಲಿ ಅವರು ತೀರಿಹೋದರು. ೨೦೧೫ರ ಸುಮಾರಿನಲ್ಲಿ ಕಟ್ಟಡದ ನವೀಕರಣದ ಕೆಲಸದಲ್ಲಿ ಆ ಗೋಡೆಗಳನ್ನು ಕೆಡವಲಾಯಿತು. ಹೆಸರಿದ್ದರೂ ಗೋಡೆಗೆ ರಕ್ಷೆ ಸಿಗಲಿಲ್ಲ.

ನಮ್ಮ ಹಸೆ ಚಿತ್ತಾರವೂ ಈಗ ಅದೇ ದಾರಿಯಲ್ಲಿದೆ. ಮಲೆನಾಡಿನಲ್ಲಿ ಸಿಮೆಂಟಿನ ಗೋಡೆಗಳು ಬಂದವು. ಅದರ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ, ಅಕ್ಕಿಯ ಗೆರೆ ಕಚ್ಚುವುದಿಲ್ಲ. ಮದುವೆಗಳು ಕಲ್ಯಾಣ ಮಂಟಪಗಳಿಗೆ ಹೋದವು. ಬಾಡಿಗೆಯ ಮಂಟಪಕ್ಕೆ ಹಸೆಗೋಡೆಯೆಲ್ಲಿಯದು? ಚಿತ್ತಾರವನ್ನು ಕಾಗದದ ಮೇಲೆ ಬರೆದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವವರಿದ್ದಾರೆ. ಬಟ್ಟೆಯ ಮೇಲೆ, ಬುಟ್ಟಿಯ ಮೇಲೆ ಬರೆದು ಪೇಟೆಗೆ ಕಳುಹಿಸುವವರಿದ್ದಾರೆ. ಗಂಡಸರೂ ಕಲಿತು ಬರೆಯುತ್ತಿದ್ದಾರೆ; ಬರೆಯಲಿ, ಅದರಲ್ಲಿ ತಪ್ಪೇನೂ ಇಲ್ಲ. ಹೆಸರೂ ಒಂದಿಷ್ಟು ಹಣವೂ ಬರುವ ಹೊತ್ತಿಗೆ ಅಜ್ಜಿಯರ ಕೈಗೆ ಅದು ತಪ್ಪಿಹೋಗಬಾರದೆಂಬುದಷ್ಟೇ ಆತಂಕ. ಪೇಟೆಯ ಅಂಗಡಿಯಲ್ಲಿ ಕೊಳ್ಳುವವರು ಬೆಲೆ ಕೇಳುತ್ತಾರೆ, ಅಳತೆ ಕೇಳುತ್ತಾರೆ. ಬರೆದವರು ಯಾರು, ಯಾವ ಊರಿನವರು ಎಂದು ಕೇಳಿ ಬರೆಯಿಸಿಕೊಂಡರೆ ಅಂಗಡಿಯವನಿಗೆ ಅದು ಹೊರೆಯಾಗದು.

ಭೂಮಣ್ಣಿ ಬುಟ್ಟಿ ಮಾತ್ರ ಹಸೆಗೋಡೆಗಿಂತ ಗಟ್ಟಿಯಾಗಿ ನಿಂತಿದೆ. ಅದಕ್ಕೆ ಮಣ್ಣಿನ ಮನೆ ಬೇಕಾಗಿಲ್ಲ, ಗದ್ದೆಯಿದ್ದರೆ ಸಾಕು. ದಸರೆ ಮುಗಿದು ಹುಣ್ಣಿಮೆ ಹತ್ತಿರ ಬಂದಂತೆ ಹಳೆಯ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಹೋದ ವರುಷದ ಚಿತ್ತಾರದ ಮೇಲೆಯೇ ಕೆಮ್ಮಣ್ಣು ಬಳಿದು, ಬಿಸಿಲಿಗೆ ಆರಿಸಿ, ಹೊಸದಾಗಿ ಗೆರೆ ಎಳೆಯುತ್ತಾರೆ.